ಉಳವಿಯ ದಾರಿ, ರೋಮಿನ ದಾರಿ

ಅಷ್ಟಾವರಣಗಳಲ್ಲಿ ಗುರು ಲಿಂಗಗಳ ತರುವಾಯ ಮೂರನೆಯದಾಗಿ ಎಣಿಸಲ್ಪಡುವದು ಜಂಗಮ. ಜಂಗಮವೆಂದರೆ ಚಲಿಸುವದು, ಒಂದೆಡೆಯಲ್ಲಿ ನಿಲ್ಲದೆ ನಡೆಯುವದು. ಗುರುವು ದೀಕ್ಷೆಯನ್ನಿತ್ತು ಕಣ್ಣು ತೆರೆಯಿಸುವನು. ಲಿಂಗವು ಅಂಗದ ಮೇಲೆ ನೆಲೆಸಿ ನಿಷ್ಠೆಯನ್ನು ಬೆಳೆಸುವದು. ಈ ಎರಡರಿಂದ ದೊರೆತ ಅರಿವನ್ನು ಮನೆಯಿಂದ ಮನೆಗೆ, ಊರಿಂದ ಊರಿಗೆ ಒಯ್ದು ಮುಟ್ಟಿಸುವ ಕಾರ್ಯವು ಕಾಲುಗಳದ್ದು. ಶರಣಧರ್ಮದಲ್ಲಿ ಪಾದಕ್ಕೆ ಸಂದಿರುವ ಗೌರವದ ಮರ್ಮವು ಇಲ್ಲಿದೆ. ಬಿಸಿಲು ಕೆಸರುಗಳನ್ನು ತುಳಿದು ಭಕ್ತನ ಅಂಗಳಕ್ಕೆ ಬಂದ ಕಾಲನ್ನು ತೊಳೆಯುವಾಗ, ಆ ಕಾಲು ಎಷ್ಟು ದೂರದಿಂದ ಬಂದಿತೆಂಬ ಕೃತಜ್ಞತೆಯೂ ಆ ನೀರಿನಲ್ಲಿ ಬೆರೆತಿರುವದು. ಕನ್ನಡದ 'ನಡೆ' ಎಂಬ ಒಂದೇ ಶಬ್ದದಲ್ಲಿ ಹೆಜ್ಜೆಯಿಡುವ ಅರ್ಥವೂ ಆಚರಣೆಯ ಅರ್ಥವೂ ಒಂದಾಗಿ ಕೂಡಿರುವದನ್ನು ಸಾಧಕರು ಗಮನಿಸತಕ್ಕದ್ದು.

ಹಾಗಾದರೆ ಒಡೆದು ಬೇರೆಯಾದವರನ್ನು ಕೂಡಿಸುವ ಶಕ್ತಿಯು ಈ ನಡೆಗೆ ಉಂಟೆ? ಸಭೆ ಸೇರಿ ಠರಾವು ಮಾಡುವದರಿಂದ, ಗ್ರಂಥ ಬರೆದು ವಾದಿಸುವದರಿಂದ ಆಗದ ಕಾರ್ಯವು ಕೇವಲ ದಾರಿ ನಡೆಯುವದರಿಂದ ಆದೀತೆ? ಈ ಪ್ರಶ್ನೆಗೆ ಎರಡು ದಾರಿಗಳು ಉತ್ತರವನ್ನು ಕೊಡುತ್ತವೆ. ಒಂದು, ಕಿತ್ತೂರು ನಾಡಿನೊಳಗಿಂದ ಹಾದು ಉಳವಿಗೆ ಹೋಗುವ ದಾರಿ. ಇನ್ನೊಂದು, ಕಡಲಾಚೆಯ ಜರ್ಮನಿ ದೇಶದ ಎರ್ಫರ್ಟ್ ಪಟ್ಟಣದಿಂದ ಹೊರಟು ಇಟಲಿಯ ರೋಮ್ ನಗರವನ್ನು ಮುಟ್ಟುವ ದಾರಿ. ಎರಡಕ್ಕೂ ಹೊರಗಿನ ಸಂಬಂಧವೇನೂ ಇಲ್ಲ. ಆದರೆ ಎರಡೂ ಕಲಿಸುವ ಪಾಠವು ಒಂದೇ.

ಪ್ರತಿವರ್ಷ ಮಾಘಮಾಸದ ಭಾರತ ಹುಣ್ಣಿಮೆಯು ಸಮೀಪಿಸುತ್ತಲೇ ಬೆಳಗಾವಿ, ಧಾರವಾಡ ಸೀಮೆಯ ಹಳ್ಳಿಗಳಲ್ಲಿ ಎತ್ತುಗಳ ಕೊಂಬಿಗೆ ಬಣ್ಣವೇರುವದು, ಕೊರಳಿಗೆ ಗೆಜ್ಜೆಯ ಸರ ಬೀಳುವದು, ಚಕ್ಕಡಿಗಳಿಗೆ ಸವಾರಿಯ ಕಮಾನು ಕಟ್ಟಲ್ಪಡುವದು. ಮನೆಗಳಲ್ಲಿ ಖಟಕ ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿಗಂಟು ಸಿದ್ಧವಾಗುವದು. ಬಂಡಿ ಇದ್ದವರು ಬಂಡಿಯಲ್ಲಿ, ಇಲ್ಲದವರು ಹಾಗೂ ಹರಕೆ ಹೊತ್ತವರು ಕಾಲ್ನಡೆಯಲ್ಲಿ ಪಡುವಣ ದಿಕ್ಕಿಗೆ ಹೊರಡುವರು. ಬಯಲುಸೀಮೆಯ ಕರಿಯ ನೆಲವು ಮುಗಿದು, ಕೆಂಪು ಮಣ್ಣಿನ ಮಲೆನಾಡು ತೊಡಗಿ, ಕೊನೆಗೆ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕಿನ ದಟ್ಟಡವಿಯ ನಡುವೆ ಉಳವಿಯು ಬರುವದು. ಅಲ್ಲಿ ಚೆನ್ನಬಸವಣ್ಣನವರ ಸಮಾಧಿಯಿದೆ. ಈ ಯಾತ್ರಿಕರು ತುಳಿಯುವ ದಾರಿಯು ಎಂಟು ಶತಮಾನಗಳಿಗೂ ಮಿಕ್ಕ ಒಂದು ನಡಿಗೆಯ ನೆನಪು.

ಹನ್ನೆರಡನೆಯ ಶತಮಾನದಲ್ಲಿ, 1167ರ ಸುಮಾರಿಗೆ, ಕಲ್ಯಾಣದಲ್ಲಿ ಘನಘೋರ ಸಂಕಟವು ಒದಗಿತು. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಲಗ್ನವನ್ನು ವರ್ಣಧರ್ಮದ ಭಂಗವೆಂದು ಬಗೆದ ಬಿಜ್ಜಳನು ಶರಣರಿಗೆ ಕ್ರೂರವಾದ ಶಿಕ್ಷೆಯನ್ನು ವಿಧಿಸಿದನೆಂದೂ, ಅಲ್ಲಿಂದ ಶರಣರು ದಿಕ್ಕುದಿಕ್ಕಿಗೆ ಚದುರಿದರೆಂದೂ ಪರಂಪರೆಯು ಹೇಳುವದು. ಬಸವಣ್ಣನವರು ಕೂಡಲಸಂಗಮದಲ್ಲಿ ಲಿಂಗೈಕ್ಯರಾದರು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಒಂದು ದೊಡ್ಡ ಸಮೂಹವು ವಚನಗಳ ಓಲೆಗಟ್ಟುಗಳನ್ನು ಹೊತ್ತು ಪಡುವಣಕ್ಕೆ ಸಾಗಿತು. ಕಳಚುರಿ ಸೈನ್ಯವು ಬೆನ್ನಟ್ಟಿತು. ಕಿತ್ತೂರಿನ ಸಮೀಪದ ಕಾದರವಳ್ಳಿಯಲ್ಲಿ ಶರಣರಿಗೂ ದಂಡಿಗೂ ಕಾಳಗವಾಯಿತೆಂದು ಆ ಭಾಗದ ಜನರು ಇಂದಿಗೂ ಹೇಳುವರು. ಮುಗಟಖಾನ ಹುಬ್ಬಳ್ಳಿಯಲ್ಲಿ, ಪುಣೆ ಬೆಂಗಳೂರು ಹೆದ್ದಾರಿಯು ಮಲಪ್ರಭೆಯನ್ನು ದಾಟುವಲ್ಲಿ, ನದಿಯೊಳಗೆ ಗಂಗಾಂಬಿಕೆಯ ಐಕ್ಯಮಂಟಪವಿದೆ. ಅಲ್ಲಿಂದ ಮುಂದೆ ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಓಲೆಗಟ್ಟುಗಳ ರಕ್ಷಣೆಗಾಗಿ ಮಡಿವಾಳ ಮಾಚಿದೇವನು ಹಿಂದೆ ನಿಂತು ಹೋರಾಡಿದನೆಂಬುದು ಎಲ್ಲ ಶರಣಚರಿತೆಗಳ ಮಾತು.

ಈ ಮೂವರನ್ನು ಕ್ಷಣಕಾಲ ಒಟ್ಟಿಗೆ ನೆನೆಯಬೇಕು. ಗಂಗಾಂಬಿಕೆಯು ಬಸವಣ್ಣನವರ ಧರ್ಮಪತ್ನಿ, ಮಂತ್ರಿಯ ಮಹಾಮನೆಯ ಒಡತಿ. ಮಾಚಿದೇವನು ಬಟ್ಟೆ ಒಗೆಯುವ ಕಾಯಕದವನು. ಕಕ್ಕಯ್ಯನು ಚರ್ಮ ಹದಮಾಡುವ ಕಾಯಕದವನು. ಕಲ್ಯಾಣದ ಅನುಭವಮಂಟಪದಲ್ಲಿ ಇವರು ಸಮಾನರೆಂದು ನುಡಿದದ್ದು ಸರಿಯೇ. ಆದರೆ ಆ ನುಡಿಗೆ ಪರೀಕ್ಷೆಯು ಬಂದದ್ದು ದಾರಿಯಲ್ಲಿ. ನೆತ್ತಿಯ ಮೇಲೆ ಮಾಡು ಇಲ್ಲದಾಗ, ಬುತ್ತಿಯು ಬರಿದಾದಾಗ, ಬೆನ್ನ ಹಿಂದೆ ಕುದುರೆಗಳ ಗೊರಸಿನ ಸಪ್ಪಳವು ಕೇಳಿಬಂದಾಗ ಒಬ್ಬರನ್ನೊಬ್ಬರು ಬಿಟ್ಟು ಓಡದೆ ಇದ್ದುದೇ ಅವರ ಸಮಾನತೆಯ ಪ್ರಮಾಣವು. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರು, ಎಳೆಯರಿದ್ದರು, ಮುದುಕರಿದ್ದರು. ಇಂಥ ಗುಂಪು ನಡೆಯುವಾಗ ಅದರ ವೇಗವನ್ನು ಗೊತ್ತುಮಾಡುವವನು ಮುಂದಿನ ಬಲಾಢ್ಯನಲ್ಲ. ಎಲ್ಲರಿಗಿಂತ ಹಿಂದೆ ಕುಂಟುತ್ತ ಬರುವವನ ಕಾಲಿನ ವೇಗವೇ ಗುಂಪಿನ ವೇಗವಾಗುವದು.

ಇನ್ನೊಂದು ವಿಷಯವಿದೆ. ಅವರು ಹೊತ್ತಿದ್ದ ಓಲೆಗಟ್ಟುಗಳಲ್ಲಿ ಒಂದೇ ಅಂಕಿತವಿರಲಿಲ್ಲ. ಬಸವಣ್ಣನವರದು ಕೂಡಲಸಂಗಮದೇವ, ಅಲ್ಲಮಪ್ರಭುವಿನದು ಗುಹೇಶ್ವರ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ, ಮಾಚಿದೇವನದು ಕಲಿದೇವ, ಕಕ್ಕಯ್ಯನದು ಅಭಿನವ ಮಲ್ಲಿಕಾರ್ಜುನ. ಒಬ್ಬೊಬ್ಬ ಶರಣನು ತನ್ನ ಇಷ್ಟದೈವವನ್ನು ತನಗೆ ಒಲಿದ ಹೆಸರಿನಿಂದ ಕರೆದನು. ಆ ಹೆಸರುಗಳನ್ನು ಅಳಿಸಿ ಒಂದೇ ಹೆಸರನ್ನು ಬರೆಯಿರೆಂದು ಯಾರೂ ಯಾರಿಗೂ ಹೇಳಲಿಲ್ಲ. ಕಲಿದೇವನ ಅಂಕಿತದವನು ಗುಹೇಶ್ವರನ ಅಂಕಿತದ ಕಟ್ಟಿಗಾಗಿ ಪ್ರಾಣವನ್ನು ಪಣವಿಟ್ಟನು. ಬೇರೆಯವನ ಮಾತಿನ ಗಂಟನ್ನು ತನ್ನ ಹೆಗಲ ಮೇಲೆ ಹೊತ್ತು ನಡೆಯುವದೇ ಐಕ್ಯವೆಂದು ಅವರು ತಿಳಿದಿದ್ದರು. ಹೀಗೆ ಕೈಯಿಂದ ಕೈಗೆ ಉಳಿದು ಬಂದ ಓಲೆಗಳಿಂದಲೇ, ಫ. ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ನಾಡಿಗೆ ಅಚ್ಚಿನಲ್ಲಿ ಕೊಡುವದು ಸಾಧ್ಯವಾಯಿತು.

ಕೂಡಿ ನಡೆದು ಕೂಡಿಬಾಳುವ ಈ ಸಾಧನೆಯು ಒಂದೇ ನಾಡಿನ, ಒಂದೇ ಮತದ ಸೊತ್ತಲ್ಲ. ಅದನ್ನು ಅರಿಯಲು ಕಡಲಾಚೆಯ ಎರಡನೆಯ ದಾರಿಯನ್ನು ನೋಡಬೇಕು. ಅಲ್ಲಿ ನಡೆದವರು ಕ್ರೈಸ್ತರು. ಕ್ರೈಸ್ತಮತವು ಈ ಭಾಗಕ್ಕೆ ಅಪರಿಚಿತವೇನಲ್ಲ. ಬಾಸೆಲ್ ಮಿಷನ್ನಿನವರು 1837ರಲ್ಲಿಯೇ ಧಾರವಾಡಕ್ಕೆ ಬಂದು ನೆಲೆಸಿದರು. ಆ ಮಿಷನ್ನಿಗೆ ಸೇರಿದ ವುರ್ಥ್ ಪಾದ್ರಿಯು ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದನು; ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಇವರು ಪ್ರಾಟೆಸ್ಟಂಟರು. ಇತ್ತ ಬೆಳಗಾವಿಯಲ್ಲಿ ರೋಮನ್ ಕ್ಯಾಥೊಲಿಕರ ಧರ್ಮಪ್ರಾಂತವು 1953ರಲ್ಲಿ ಸ್ಥಾಪಿತವಾಯಿತು. ಇಬ್ಬರ ಕೈಯಲ್ಲಿಯೂ ಒಂದೇ ಬೈಬಲ್ಲು, ಇಬ್ಬರ ಬಾಯಲ್ಲಿಯೂ ಒಬ್ಬನೇ ಕ್ರಿಸ್ತ. ಆದರೂ ಇಬ್ಬರ ದೇವಾಲಯಗಳು ಬೇರೆ. ಈ ಬೇರೆತನವು ಎಲ್ಲಿಂದ ಬಂದಿತು?

1510ರ ಸುಮಾರಿಗೆ ಎರ್ಫರ್ಟಿನ ಮಠವೊಂದರಲ್ಲಿ ಮಾರ್ಟಿನ್ ಲೂಥರನೆಂಬ ತರುಣ ಸನ್ಯಾಸಿಯಿದ್ದನು. ತನ್ನ ಮಠದ ಕಾರ್ಯಾರ್ಥವಾಗಿ ಆತನು ಆಲ್ಪ್ಸ್ ಪರ್ವತಗಳನ್ನು ಕಾಲ್ನಡೆಯಲ್ಲಿ ದಾಟಿ ರೋಮಿಗೆ ಹೋಗಿ ಬಂದನು. ಆಗ ಆತನು ಪೋಪರ ಆಜ್ಞೆಯನ್ನು ಶಿರಸಾವಹಿಸಿದ ಕ್ಯಾಥೊಲಿಕನೇ. ಕೆಲವು ವರ್ಷಗಳ ತರುವಾಯ, ಪಾಪಕ್ಕೆ ಸಲ್ಲುವ ಶಿಕ್ಷೆಯನ್ನು ಕಡಿಮೆ ಮಾಡುವ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದುದನ್ನು ಕಂಡು ಆತನ ಮನಸ್ಸು ಕುದಿಯಿತು. 1517ರ ಅಕ್ಟೋಬರ 31ರಂದು ಆತನು 95 ಸೂತ್ರಗಳನ್ನು ಮುಂದಿಟ್ಟನು. ಮನುಷ್ಯನು ದೇವರಿಗೆ ಸ್ವೀಕೃತನಾಗುವದು ದೇವರ ಕೃಪೆಯಿಂದ, ನಂಬುಗೆಯಿಂದ ಮಾತ್ರವೋ, ಅಥವಾ ಅದರಲ್ಲಿ ಮನುಷ್ಯನ ಸತ್ಕ್ರಿಯೆಗೂ ಪಾಲುಂಟೋ ಎಂಬುದು ವಾದದ ತಿರುಳಾಯಿತು. ಕೃಪೆ ಮತ್ತು ಕ್ರಿಯೆಗಳ ಸಂಬಂಧವನ್ನು ಕುರಿತು ಶಿವಶರಣರೂ ಆಳವಾಗಿ ಚಿಂತಿಸಿರುವದರಿಂದ ಈ ಪ್ರಶ್ನೆಯ ತೂಕವು ಕನ್ನಡದ ಸಾಧಕರಿಗೆ ಅರ್ಥವಾಗದೆ ಇರದು. 1521ರಲ್ಲಿ ಪೋಪರು ಲೂಥರನಿಗೆ ಬಹಿಷ್ಕಾರ ಹಾಕಿದರು. ಒಬ್ಬರನ್ನೊಬ್ಬರು ಶಪಿಸುವ ಬರಹಗಳು ಎರಡೂ ಕಡೆಯಿಂದ ಹೊರಟವು. ಅರಸರ ರಾಜ್ಯದಾಸೆಯೂ ಅದರೊಡನೆ ಕೂಡಿಕೊಂಡಿತು. 1618ರಿಂದ 1648ರ ವರೆಗೆ ಮೂವತ್ತು ವರ್ಷ ನಡೆದ ಯುದ್ಧದಲ್ಲಿ ಜರ್ಮನಿಯ ಊರೂರುಗಳು ಬೂದಿಯಾದವು. ವೇದಾಂತದ ಒಂದು ಪ್ರಶ್ನೆಯು ಬಡ ಒಕ್ಕಲಿಗನ ಸುಗ್ಗಿಯನ್ನು ಸುಟ್ಟಿತು.

ಈ ಗಾಯವು ಮಾಯಲು ಬಹುಕಾಲ ಹಿಡಿಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು 1962ರಿಂದ 1965ರ ವರೆಗೆ ನಡೆದ ಮೇಲೆ, 1967ರಲ್ಲಿ ಲೂಥರನರೂ ಕ್ಯಾಥೊಲಿಕರೂ ಒಂದೆಡೆಗೆ ಕುಳಿತು ವಿಚಾರಿಸಹತ್ತಿದರು. ಮೂವತ್ತೆರಡು ವರ್ಷಗಳ ತರುವಾಯ, 1999ರ ಅಕ್ಟೋಬರ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ, ಅದೇ ಕೃಪೆಯ ಪ್ರಶ್ನೆಯನ್ನು ಕುರಿತಾದ ಸಂಯುಕ್ತ ಘೋಷಣೆಗೆ ಉಭಯ ಪಕ್ಷದವರೂ ಸಹಿ ಹಾಕಿದರು. 44 ಪರಿಚ್ಛೇದಗಳ ಆ ಘೋಷಣೆಯ ರಚನೆಯು ಬೋಧಪ್ರದವಾಗಿದೆ. ಒಂದೊಂದು ವಿಷಯದಲ್ಲಿಯೂ ಇಬ್ಬರೂ ಕೂಡಿ ಒಪ್ಪುವದನ್ನು ಮೊದಲು ಹೇಳಿ, ಬಳಿಕ ಕ್ಯಾಥೊಲಿಕರು ಅದನ್ನು ವಿವರಿಸುವ ರೀತಿಯನ್ನೂ ಲೂಥರನರು ವಿವರಿಸುವ ರೀತಿಯನ್ನೂ ಬೇರೆಬೇರೆಯಾಗಿ ಬರೆಯಲಾಗಿದೆ. ಭೇದವನ್ನು ಮುಚ್ಚಿಡಲಿಲ್ಲ; ಆದರೆ ಇಲ್ಲಿ ವಿವರಿಸಿದ ಬೋಧೆಗೆ ಹಳೆಯ ಶಾಪಗಳು ತಗಲುವದಿಲ್ಲವೆಂದು ಒಪ್ಪಿದರು.

ಕಾಗದದ ಮೇಲೆ ಸಹಿ ಬಿದ್ದಿತು. ಆದರೆ ಪಂಡಿತರ ಸಹಿಯು ಪಾಮರರ ಮನೆಯ ಹೊಸ್ತಿಲನ್ನು ದಾಟುವದು ಹೇಗೆ? 2010ನೆಯ ಇಸವಿಯಲ್ಲಿ, ಲೂಥರನ ರೋಮ್ ಯಾತ್ರೆಯ ಐನೂರನೆಯ ವರ್ಷದ ನೆನಪಿಗಾಗಿ, ಅಮೇರಿಕದ ಲೂಥರನ್ ದಂಪತಿಗಳಿಬ್ಬರು ಎರ್ಫರ್ಟಿನಿಂದ ರೋಮಿಗೆ ಕಾಲ್ನಡೆಯಲ್ಲಿ ಹೊರಟರು. ಗಂಡನಾದ ಆಂಡ್ರ್ಯೂ ವಿಲ್ಸನ್ ಸಭೆಯ ಇತಿಹಾಸವನ್ನು ಓದಿದವನು; ಹೆಂಡತಿಯಾದ ಸಾರಾ ಹಿನ್ಲಿಕಿ ವಿಲ್ಸನ್ ದೀಕ್ಷೆ ಪಡೆದ ಬೋಧಕಿ, ಆಗ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಕ್ರೈಸ್ತ ಪಂಗಡಗಳ ಐಕ್ಯವನ್ನು ಅಭ್ಯಸಿಸುವ ಸಂಸ್ಥೆಯಲ್ಲಿದ್ದವಳು. ದಾರಿಯು ಸುಮಾರು ಸಾವಿರ ಮೈಲು, ಎಂದರೆ 1600 ಕಿಲೋಮೀಟರು. ಆಗಸ್ಟ್ ತಿಂಗಳಲ್ಲಿ ಹೊರಟವರು ಜರ್ಮನಿಯನ್ನು ಹಾದು, ಆಲ್ಪ್ಸ್ ಪರ್ವತಗಳನ್ನೇರಿ ಇಳಿದು, ಇಟಲಿಯ ಉದ್ದಕ್ಕೂ ನಡೆದರು. ಲೂಥರನರಿಗೂ ಕ್ಯಾಥೊಲಿಕರಿಗೂ ನಡುವೆ ಐಕ್ಯವನ್ನು ಹಾರೈಸುವದೇ ಆ ಯಾತ್ರೆಯ ಸಂಕಲ್ಪವಾಗಿತ್ತು. ಯಾತ್ರೆಯ ಕಥನವನ್ನು ಆಂಡ್ರ್ಯೂ ವಿಲ್ಸನ್ 2016ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು.

ಇವರು ಆರಿಸಿಕೊಂಡ ದಾರಿಯ ವಿಶೇಷವನ್ನು ವಿಚಾರಿಸಬೇಕು. ಲೂಥರನು ಸೂತ್ರಗಳನ್ನು ಮುಂದಿಟ್ಟ ವಿಟೆನ್‌ಬರ್ಗಿನಿಂದ ಅವರು ಹೊರಡಲಿಲ್ಲ. ಅಲ್ಲಿಂದ ಹೊರಟಿದ್ದರೆ ಅದು ಒಂದು ಪಕ್ಷದ ವಿಜಯಯಾತ್ರೆಯಂತೆ ಕಾಣುತ್ತಿತ್ತು. ಲೂಥರನು ಇನ್ನೂ ಯಾರಿಂದಲೂ ಬೇರೆಯಾಗಿರದ ಕಾಲದಲ್ಲಿ ನಡೆದ ದಾರಿಯನ್ನು ಅವರು ಹಿಡಿದರು. ಆ ದಾರಿಯು ಲೂಥರನರಿಗೂ ಸೇರಿದ್ದು, ಕ್ಯಾಥೊಲಿಕರಿಗೂ ಸೇರಿದ್ದು. ಏಕೆಂದರೆ ಅಲ್ಲಿ ಹೆಜ್ಜೆಯಿಟ್ಟಾಗ ಆ ಎರಡು ಪಂಗಡಗಳೇ ಹುಟ್ಟಿರಲಿಲ್ಲ. ಮುನಿದ ಅಣ್ಣತಮ್ಮಂದಿರನ್ನು ಕೂಡಿಸಬಯಸುವ ಹಿರಿಯನು ಪಾಲು ಹಂಚಿದ ದಿವಸದ ಮಾತನ್ನು ಎತ್ತುವದಿಲ್ಲ. ಇಬ್ಬರೂ ಒಂದೇ ತಾಟಿನಲ್ಲಿ ಉಂಡ ದಿವಸಗಳನ್ನು ನೆನಪಿಸುವನು. ಒಡಕಿನ ಮೊದಲು ತುಳಿದ ದಾರಿಯನ್ನು ಹುಡುಕಿ, ಅದರಲ್ಲಿ ತಿರುಗಿ ನಡೆಯುವದು. ಈ ಎರಡೂ ಯಾತ್ರೆಗಳ ಸಾರವು ಇಷ್ಟೇ.

ಆದರೂ ಸತ್ಯವನ್ನು ಹಿಗ್ಗಿಸಿ ಹೇಳಲಾಗದು. ಆ ದಂಪತಿಗಳು ರೋಮನ್ನು ಮುಟ್ಟಿದ ಕೂಡಲೇ ಎರಡು ಸಭೆಗಳೂ ಒಂದಾಗಲಿಲ್ಲ. 2016ರ ಅಕ್ಟೋಬರ 31ರಂದು ಸ್ವೀಡನ್ ದೇಶದ ಲುಂಡ್ ನಗರದ ದೇವಾಲಯದಲ್ಲಿ ಅಂದಿನ ಪೋಪ್ ಫ್ರಾನ್ಸಿಸರೂ ಲೂಥರನ್ ಜಾಗತಿಕ ಒಕ್ಕೂಟದ ಅಂದಿನ ಅಧ್ಯಕ್ಷರಾದ ಬಿಷಪ್ ಮುನಿಬ್ ಯೂನಾನರೂ ಕೂಡಿ ಪ್ರಾರ್ಥನೆ ಮಾಡಿ, ಹೇಳಿಕೆಯೊಂದಕ್ಕೆ ಸಹಿ ಹಾಕಿದರು. ಕ್ರಿಸ್ತನ ಪ್ರಸಾದಭೋಜನದ ಮೇಜಿಗೆ ಇಬ್ಬರೂ ಒಂದಾಗಿ ಬರುವದು ಇನ್ನೂ ಸಾಧ್ಯವಾಗಿಲ್ಲವೆಂಬ ನೋವನ್ನು ಆ ಹೇಳಿಕೆಯಲ್ಲಿಯೇ ತೋಡಿಕೊಂಡರು. ಇಡಿಯ ಬಾಳನ್ನು ಹಂಚಿಕೊಂಡವರು ಆ ಒಂದು ಪ್ರಸಾದವನ್ನು ಮಾತ್ರ ಹಂಚಿಕೊಳ್ಳಲಾರದೆ ಇರುವದು ಎಂಥ ಸಂಕಟ! ಪಂಕ್ತಿಭೇದದ ನೋವನ್ನು ಬಲ್ಲ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೋವನ್ನು ಇಬ್ಬರೂ ಕೂಡಿ ಒಪ್ಪಿಕೊಂಡುದೇ ದೊಡ್ಡ ಹೆಜ್ಜೆ. ಐನೂರು ವರ್ಷಗಳ ಹಿಂದೆ ಪರಸ್ಪರರನ್ನು ಶಪಿಸಿದವರು ಇಂದು ಪರಸ್ಪರರ ಅಗಲಿಕೆಗಾಗಿ ಅಳುತ್ತಾರೆ.

ಈಗ ದೃಷ್ಟಿಯನ್ನು ಮನೆಯ ಕಡೆಗೆ ತಿರುಗಿಸುವದು ಅವಶ್ಯ. ಮಂದಿಯ ಮನೆಯ ಒಡಕನ್ನು ಎಣಿಸಿ ತನ್ನ ಮನೆಯ ಬಿರುಕನ್ನು ಮರೆಯುವದು ಸಾಧಕರ ಲಕ್ಷಣವಲ್ಲ. ವೀರಶೈವ ಸಮಾಜದಲ್ಲಿ ಗುರುವರ್ಗ, ವಿರಕ್ತವರ್ಗಗಳೆಂಬ ಎರಡು ಪರಂಪರೆಗಳು ಬಹುಕಾಲದಿಂದ ಇವೆ. ಪಂಚಪೀಠಗಳಿಗೆ ನಡೆದುಕೊಳ್ಳುವವರು ಒಂದು ಕಡೆ. ಅಲ್ಲಮಪ್ರಭುವಿನ ಶೂನ್ಯಪೀಠವನ್ನು ಮೂಲವೆಂದು ಭಾವಿಸುವ ಮಠಗಳಿಗೆ ನಡೆದುಕೊಳ್ಳುವವರು ಇನ್ನೊಂದು ಕಡೆ. ಎರಡೂ ಪರಂಪರೆಗಳಿಂದ ನಾಡಿಗೆ ಉಪಕಾರವಾಗಿದೆ. ಆದರೆ ಯಾರು ಹಿರಿಯರು, ಯಾರ ಪಲ್ಲಕ್ಕಿ ಮುಂದೆ, ಯಾರ ಆಸನ ಮೇಲೆ ಎಂಬ ಸ್ಪರ್ಧೆಯಿಂದ ಎಷ್ಟೋ ಊರುಗಳಲ್ಲಿ ಮನಸ್ಸುಗಳು ಮುರಿದಿವೆ.

ಈ ಬಿರುಕನ್ನು ಕಂಡು ಮರುಗಿದವರಲ್ಲಿ ಹಾನಗಲ್ಲ ಕುಮಾರಸ್ವಾಮಿಗಳು ಅಗ್ರಗಣ್ಯರು. ಸ್ವತಃ ವಿರಕ್ತಪೀಠದವರಾಗಿದ್ದರೂ ಅವರು ಗುರು ವಿರಕ್ತರ ಸಮನ್ವಯಕ್ಕಾಗಿ ಜೋಳಿಗೆ ಹಿಡಿದು ಊರೂರು ತಿರುಗಿದರು. ಅವರ ಪ್ರೇರಣೆಯಿಂದ 1904ರಲ್ಲಿ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಸೇರಿದಾಗ ಅಧ್ಯಕ್ಷಸ್ಥಾನವನ್ನು ಅಲಂಕರಿಸಿದವರು ಸವದತ್ತಿ ಸೀಮೆಯ ಶಿರಸಂಗಿಯ ಲಿಂಗರಾಜ ದೇಸಾಯರು. ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯೆಗಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡ ಆ ತ್ಯಾಗವೀರರ ಹೆಸರನ್ನು ಈ ಭಾಗದ ಜನರು ಇಂದಿಗೂ ಪ್ರೀತಿಯಿಂದ ಸ್ಮರಿಸುವರು. 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯ ಮೇಲೆ ಕುಮಾರಸ್ವಾಮಿಗಳು ಶಿವಯೋಗಮಂದಿರವನ್ನು ಕಟ್ಟಿದರು. ಮುಂದೆ ಉಭಯ ಪರಂಪರೆಯ ಮಠಗಳಿಗೆ ಒಡೆಯರಾಗತಕ್ಕ ವಟುಗಳು ಅಲ್ಲಿ ಒಂದೇ ನದಿಯಲ್ಲಿ ಮಿಂದು, ಒಂದೇ ಪಂಕ್ತಿಯಲ್ಲಿ ಉಂಡು ಬೆಳೆಯಬೇಕೆಂಬುದು ಅವರ ಆಶಯವಾಗಿತ್ತು.

ಮಲಪ್ರಭೆಯ ಹರಿವನ್ನು ಇಲ್ಲಿ ನೆನೆಯುವದು ಯೋಗ್ಯ. ಅದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಗಂಗಾಂಬಿಕೆಯ ಐಕ್ಯಸ್ಥಾನವನ್ನು ತೊಳೆದು, ಸವದತ್ತಿ ರಾಮದುರ್ಗಗಳ ಸೀಮೆಯ ಹೊಲಗಳಿಗೆ ನೀರುಣಿಸಿ, ಶಿವಯೋಗಮಂದಿರದ ಮೆಟ್ಟಿಲುಗಳನ್ನು ಮುಟ್ಟಿ, ಕೊನೆಗೆ ಬಸವಣ್ಣನವರ ಐಕ್ಯಸ್ಥಾನವಾದ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವದು. ಯಾವ ದಂಡೆಯವರು ಯಾವ ಪೀಠದವರೆಂದು ಅದು ಕೇಳುವದಿಲ್ಲ. ಶರಣರು ಆ ನೀರಿನ ಎದುರುಮುಖವಾಗಿ ನಡೆದರು. ಅವರು ಬಿಟ್ಟುಹೋದ ನೆನಪುಗಳು ನೀರಿನೊಡನೆ ಕೆಳಗೆ ಹರಿದು ಬಂದವು.

ಇತ್ತೀಚೆಗೆ ಇನ್ನೊಂದು ವಾದವು ಎದ್ದಿತು. ಲಿಂಗಾಯತವು ಪ್ರತ್ಯೇಕ ಧರ್ಮವೆಂದು ಮನ್ನಣೆ ಪಡೆಯಬೇಕೆಂಬ ಬೇಡಿಕೆಯು 2017ರಲ್ಲಿ ಪ್ರಬಲವಾಯಿತು. ವೀರಶೈವ, ಲಿಂಗಾಯತಗಳು ಒಂದೇ ಎಂದು ಹೇಳಿದವರು ಒಂದು ಪಕ್ಷವಾದರು. ಬೇರೆ ಎಂದವರು ಇನ್ನೊಂದು ಪಕ್ಷವಾದರು. ಬೆಳಗಾವಿಯಲ್ಲಿಯೂ ದೊಡ್ಡ ಸಮಾವೇಶವು ನಡೆಯಿತು. 2018ರ ಮಾರ್ಚಿನಲ್ಲಿ ರಾಜ್ಯ ಸರಕಾರವು ಆ ಬೇಡಿಕೆಗೆ ಅನುಕೂಲವಾಗಿ ಕೇಂದ್ರಕ್ಕೆ ಶಿಫಾರಸು ಮಾಡಿತು. ಕೇಂದ್ರ ಸರಕಾರವು ಅದನ್ನು ಒಪ್ಪಲಿಲ್ಲ. ಚರಿತ್ರೆ, ಶಾಸ್ತ್ರ, ಕಾಯದೆಗಳ ಈ ಪ್ರಶ್ನೆಯನ್ನು ಬಲ್ಲವರು ವಿಚಾರಿಸಲಿ. ಅದು ಅವರ ಕರ್ತವ್ಯ. ಆದರೆ ಈ ವಾದವು ಮನೆಯ ಪಡಸಾಲೆಯನ್ನು ಹೊಕ್ಕಾಗ ಆಗುವ ಹಾನಿಯು ಬೇರೆ ತರದ್ದು. ಅಣ್ಣನು ಒಂದು ಹೆಸರನ್ನು, ತಮ್ಮನು ಇನ್ನೊಂದು ಹೆಸರನ್ನು ಹಿಡಿದು ಮಾತು ಬಿಟ್ಟರೆ, ತಾಯಿಯ ಕೊರಳಲ್ಲಿರುವ ಇಷ್ಟಲಿಂಗಕ್ಕೆ ಯಾವ ಹೆಸರನ್ನಿಡಬೇಕು? ಒಂದೇ ಚಕ್ಕಡಿಯಲ್ಲಿ ಉಳವಿಗೆ ಹೋದವರ ಮಕ್ಕಳು, ಎದುರಾದಾಗ ಶರಣಾರ್ಥಿಯನ್ನು ಹೇಳುವ ಮೊದಲು ನೀನು ಯಾವ ಪಕ್ಷದವನೆಂದು ಕೇಳುವದಾದರೆ, ಓಲೆಗಟ್ಟುಗಳನ್ನು ಹೊತ್ತವರ ಶ್ರಮವು ಎಲ್ಲಿಗೆ ಬಂದಂತಾಯಿತು? 1824ರಲ್ಲಿ ಕಂಪನಿಯ ದಂಡನ್ನು ಗೆದ್ದ ಕಿತ್ತೂರಿನ ಕೋಟೆಯು ಬೀಳುವದಕ್ಕೆ ಒಳಗಿನವರ ದ್ರೋಹವು ಕಾರಣವಾಯಿತೆಂದು ಹಾಡುವ ಲಾವಣಿಗಳನ್ನು ಕೇಳಿ ಬೆಳೆದ ನಾಡಿಗೆ ಒಳಜಗಳದ ಬೆಲೆಯನ್ನು ಬೇರೆಯವರು ತಿಳಿಸಬೇಕೆ?

ಇಲ್ಲಿ ಒಂದು ಶಂಕೆಯು ಏಳುವದು ಸಹಜ. ಭೇದವು ನಿಜವಾದದ್ದೇ ಆಗಿದ್ದರೆ, ಅದನ್ನು ಬಗೆಹರಿಸದೆ ಕೂಡಿ ನಡೆಯುವದು ತೋರಿಕೆಯ ನಡೆಯಾಗುವದಿಲ್ಲವೆ? ಮೊದಲು ಸಿದ್ಧಾಂತದಲ್ಲಿ ಒಮ್ಮತ, ಬಳಿಕ ಸಹವಾಸ ಎಂಬುದೇ ಸರಿಯಾದ ಕ್ರಮವಲ್ಲವೆ? ಇದಕ್ಕೆ ಷಟ್‌ಸ್ಥಲವೇ ಉತ್ತರವನ್ನು ಹೇಳುವದು. ಭಕ್ತ, ಮಾಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳಲ್ಲಿ ಐಕ್ಯವು ಕೊನೆಯದು. ಮೊದಲನೆಯ ಮೆಟ್ಟಿಲನ್ನು ಏರುವ ಮುನ್ನವೇ ಆರನೆಯದು ಕೈಗೂಡಬೇಕೆಂದು ಹಟ ಹಿಡಿಯುವವನು ಎಂದಿಗೂ ಹೊರಡಲಾರನು. ಭಕ್ತಸ್ಥಲದಲ್ಲಿ ಬೇಕಾದದ್ದು ಶ್ರದ್ಧೆ, ವಿನಯ, ಎದುರಿನವನಲ್ಲಿ ಶಿವನನ್ನು ಕಾಣುವ ಬುದ್ಧಿ. ಇಷ್ಟರಿಂದ ಹೊರಟವನಿಗೆ ಮುಂದಿನ ಸ್ಥಲವು ನಡೆದಂತೆ ತೋರುವದು. ಲೂಥರನರೂ ಕ್ಯಾಥೊಲಿಕರೂ ಸಿದ್ಧಾಂತದ ಪ್ರತಿಯೊಂದು ಗಂಟನ್ನೂ ಬಿಡಿಸ್ಯಾದ ಮೇಲೆಯೇ ಭೆಟ್ಟಿಯಾಗೋಣವೆಂದಿದ್ದರೆ 1999ನೆಯ ಇಸವಿಯೇ ಬರುತ್ತಿರಲಿಲ್ಲ. ಭೇದವನ್ನು ಬಾಯಿಬಿಟ್ಟು ಹೇಳಿಯೂ ಜೊತೆಯನ್ನು ಬಿಡದೆ ಇರುವವನ ನಡೆಯು ತೋರಿಕೆಯಾಗದು. ಭೇದವಿಲ್ಲವೆಂದು ಬಾಯಲ್ಲಿ ಹೇಳಿ ಒಳಗೊಳಗೇ ತಿರಸ್ಕರಿಸುವದು ತೋರಿಕೆ.

ದಾರಿಯು ಈ ವಿಷಯದಲ್ಲಿ ಸ್ವತಃ ಗುರುವಾಗುವದು. ಅದು ಕಲಿಸುವ ಪಾಠಗಳು ಮೂರು. ಮೊದಲನೆಯದು ನಿರಹಂಕಾರ. ಮನೆಯಲ್ಲಿ ಕುಳಿತವನು ಅತಿಥಿಗೆ ನೀಡುವನು. ದಾರಿಯಲ್ಲಿರುವವನು ಕಂಡವರ ಬಾಗಿಲಲ್ಲಿ ನೀರು ಕೇಳುವನು. ನೀಡಿದವನು ಬೇರೆ ಮಠದವನೆಂಬ ಕಾರಣಕ್ಕೆ ಬಾಯಾರಿದವನು ಚರಿಗೆಯನ್ನು ಹಿಂದಕ್ಕೆ ಕೊಡಲಾರನು. ಯಾರನ್ನು ಕೀಳೆಂದು ಭಾವಿಸಿದ್ದನೋ ಅವರ ನೀರಿನಿಂದಲೇ ಜೀವ ಹಿಡಿದಾಗ ಅಹಂಕಾರವು ತಾನಾಗಿ ಇಳಿಯುವದು. ಎರಡನೆಯದು ಸಹನೆ. ವಾದದಲ್ಲಿ ಚುರುಕಾದವನು ಗೆಲ್ಲುವನು; ನಡಿಗೆಯಲ್ಲಿ ಚುರುಕಾದವನು ನಿಂತು ಹಿಂದಿನವನಿಗಾಗಿ ಕಾಯಬೇಕಾಗುವದು. ಮೂರನೆಯದು ದಾಸೋಹ. ತನ್ನ ಗಂಟನ್ನು ಮಾತ್ರ ಹೊತ್ತವನು ಪ್ರವಾಸಿ. ಸೋತವನ ಗಂಟನ್ನೂ ಹೊತ್ತವನು ಯಾತ್ರಿಕ.

ಆದುದರಿಂದ ಬರುವ ಭಾರತ ಹುಣ್ಣಿಮೆಗೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಕಡೆಯಿಂದ ಉಳವಿಗೆ ಹೊರಡುವ ಸದ್ಭಕ್ತರು ಒಂದು ಸಂಕಲ್ಪವನ್ನು ಮಾಡುವದು ಶ್ರೇಯಸ್ಕರ. ಗುರುಮಠದ ಶಿಷ್ಯನು ವಿರಕ್ತಮಠದ ಶಿಷ್ಯನನ್ನು ತನ್ನ ಬಂಡಿಗೆ ಕರೆಯಲಿ. ವಿರಕ್ತಮಠದವನು ಗುರುಮಠದವನ ಬುತ್ತಿಯನ್ನು ಪ್ರಸಾದವೆಂದು ಸ್ವೀಕರಿಸಲಿ. ವೀರಶೈವನೆಂದು ಹೇಳಿಕೊಳ್ಳುವವನೂ ಲಿಂಗಾಯತನೆಂದು ಹೇಳಿಕೊಳ್ಳುವವನೂ ಮುಗಟಖಾನ ಹುಬ್ಬಳ್ಳಿಯಲ್ಲಿ ಗಂಗಾಂಬಿಕೆಯ ಮುಂದೆ, ಕಕ್ಕೇರಿಯಲ್ಲಿ ಕಕ್ಕಯ್ಯನ ಮುಂದೆ ಒಂದೇ ಸಾಲಿನಲ್ಲಿ ತಲೆಬಾಗಲಿ. ಡೋಹರನ ಸಮಾಧಿಗೆ ಕೈಮುಗಿದು ಬಂದವರು ತಮ್ಮ ಊರಿನ ಕೇರಿಯ ಮಕ್ಕಳನ್ನೂ ದಾಸೋಹದ ಪಂಕ್ತಿಗೆ ಕರೆತರಲಿ; ಇಲ್ಲವಾದರೆ ಆ ಕೈಮುಗಿತವು ಅರ್ಧ ಮಾತ್ರ. ನಡೆಯಲಾರದ ವೃದ್ಧರೂ ರೋಗಿಗಳೂ ಕೊರಗಬೇಕಾಗಿಲ್ಲ. ದಾರಿಯ ಬದಿಯಲ್ಲಿ ಅರವಟ್ಟಿಗೆಯನ್ನಿಟ್ಟು, ಬಂದವನ ಪಕ್ಷವನ್ನು ಕೇಳದೆ ತಂಪು ನೀರು ನೀಡುವವರೂ ಆ ಯಾತ್ರೆಯನ್ನು ನಡೆದವರೇ ಸರಿ.

ಹಾಗೆ ಹೋಗಿ ಬಂದ ಮೇಲೆಯೂ ಮಠಗಳ ಭೇದವು ಉಳಿದೀತು. ಹೆಸರಿನ ವಾದವೂ ಉಳಿದೀತು. ಉಳಿಯಲಿ. ಅನೇಕ ಅಂಕಿತಗಳ ಓಲೆಗಳು ಒಂದೇ ಗಂಟಿನಲ್ಲಿ ಸಾಗಿ ಬಂದಂತೆ ಅವೂ ಒಂದೇ ಬಂಡಿಯಲ್ಲಿ ಸಾಗಬಲ್ಲವು. ಆದರೆ ಒಂದೇ ಬಂಡಿಯ ನೆರಳಿನಲ್ಲಿ ಮಲಗಿ ಎದ್ದವನನ್ನು ಮರುದಿನ ಊರಿನ ಕಟ್ಟೆಯಲ್ಲಿ ಹೀಯಾಳಿಸುವದಕ್ಕೆ ನಾಲಗೆಯು ಏಳಲಾರದು. ಅಷ್ಟಾದರೆ ಭಕ್ತಸ್ಥಲದ ಮೊದಲ ಹೆಜ್ಜೆಯು ಸಂದಿತು. ಮುಂದಿನ ಸ್ಥಲಗಳಿಗೆ ಒಯ್ಯುವ ಭಾರವು ನಡೆಯಿಸುವ ಪರಶಿವನದು. ನಡೆಯುವ ಭಾರವು ಭಕ್ತರದು.